ಕೂಲಿಯವನ ಕೀಲುನೋವು: ಕಲ್ಕತ್ತೆಯ ಎರಡು ಹಳೆಯ ಪ್ರಯೋಗಗಳು

ಕಲ್ಕತ್ತೆಯ ಅಲಿಪುರದಲ್ಲಿ, ಇಂದು ರಾಷ್ಟ್ರೀಯ ಗ್ರಂಥಾಲಯವಿರುವ ಬೆಲ್ವೆಡಿಯರ್ ಆವರಣದ ಆಸುಪಾಸಿನಲ್ಲಿ, 1780ರ ಆಗಸ್ಟ್ 17ರಂದು ಒಂದು ದ್ವಂದ್ವಯುದ್ಧ ನಡೆಯಿತು. ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್ ಒಂದು ಕಡೆ, ಅವನ ಕೌನ್ಸಿಲಿನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಇನ್ನೊಂದು ಕಡೆ. ಫ್ರಾನ್ಸಿಸ್ ಗುಂಡೇಟು ತಿಂದು ಬಿದ್ದನು, ಆದರೆ ಬದುಕಿ ಉಳಿದನು. ಇಲ್ಲಿಗೆ ಬರುವ ಪ್ರವಾಸಿಗರಿಗೆ ಮಾರ್ಗದರ್ಶಿಗಳು ಹೇಳುವ ಕಥೆ ಇದು. ಅವರು ಹೇಳದೆ ಬಿಡುವ ಸಂಗತಿಯೊಂದುಂಟು. ಅದಕ್ಕೆ ಏಳು ವರ್ಷ ಮೊದಲು, 1773ರಲ್ಲಿ, ಇದೇ ಹೇಸ್ಟಿಂಗ್ಸ್ ಬಂಗಾಳ ಮತ್ತು ಬಿಹಾರಗಳ ಅಫೀಮನ್ನು ಕಂಪನಿಯ ಏಕಸ್ವಾಮ್ಯಕ್ಕೆ ತಂದಿದ್ದನು. ಆ ಕಾಲದ ವೈದ್ಯರ ಕೈಯಲ್ಲಿ ನೋವನ್ನು ನಿಜವಾಗಿಯೂ ತಗ್ಗಿಸಬಲ್ಲ ಮದ್ದೆಂದರೆ ಮುಖ್ಯವಾಗಿ ಅಫೀಮೇ. ಜಗತ್ತಿನ ಅತ್ಯುತ್ತಮ ನೋವುನಿವಾರಕದ ಅತಿದೊಡ್ಡ ಉಗ್ರಾಣಗಳಲ್ಲೊಂದು ಹೀಗೆ ಕಲ್ಕತ್ತೆಯಲ್ಲಿ ತೆರೆಯಿತು. ಆದರೆ ಆ ಉಗ್ರಾಣದ ದೃಷ್ಟಿಯೆಲ್ಲ ಚೀನಾದ ಮಾರುಕಟ್ಟೆಯ ಕಡೆಗಿತ್ತು, ಆಸ್ಪತ್ರೆಯ ಕಡೆಗಲ್ಲ.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಅಲಿಪುರ ಬೇರೆ ಕಾರಣಗಳಿಂದಲೂ ಹತ್ತಿರದ್ದು. ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಗ್ರಂಥಪಾಲರಾಗಿ ಈ ಗ್ರಂಥಾಲಯವನ್ನು ಕಟ್ಟಿದವರು ಬಳ್ಳಾರಿ ಶಾಮಣ್ಣ ಕೇಶವನ್. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದವರು. ಅವರ ಕಾಲದಲ್ಲಿಯೇ, 1953ರ ಫೆಬ್ರವರಿ 1ರಂದು, ಮೌಲಾನಾ ಆಜಾದರು ಬೆಲ್ವೆಡಿಯರಿನ ಬಾಗಿಲನ್ನು ಓದುಗರಿಗೆ ತೆರೆದರು. ನೆರೆಯಲ್ಲಿಯೇ ಇರುವ ಕೃಷಿ-ತೋಟಗಾರಿಕೆ ಸಂಘದ ಉದ್ಯಾನಕ್ಕೆ ಮೂಲಪುರುಷನಾದ ವಿಲಿಯಂ ಕೇರಿ 1817ರಲ್ಲಿ ಶ್ರೀರಾಮಪುರದಿಂದ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದವನು. ಇವೆಲ್ಲ ಅಭಿಮಾನದ ಮಾತುಗಳಾದವು. ನಾನು ಬರೆಯಹೊರಟಿರುವುದು ಈ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನಡೆದ ಎರಡು ಪ್ರಯೋಗಗಳ ಬಗ್ಗೆ. ಎರಡೂ ನೋವನ್ನು ಕುರಿತವು. ಎರಡರಲ್ಲಿಯೂ ನೋವನ್ನು ಅನುಭವಿಸಿದವರು ಬಡವರು, ಅದನ್ನು ಬರೆದಿಟ್ಟವರು ಕಂಪನಿಯ ಸೇವೆಯಲ್ಲಿದ್ದ ವೈದ್ಯರು.

ಮೊದಲನೆಯವನ ಹೆಸರು ವಿಲಿಯಂ ಬ್ರೂಕ್ ಓಶಾನೆಸಿ. ಐರ್ಲೆಂಡಿನ ಲಿಮೆರಿಕ್‌ನಲ್ಲಿ 1809ರಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿತವನು. ಭಾರತಕ್ಕೆ ಬರುವ ಮೊದಲೇ, ಇಂಗ್ಲೆಂಡಿನ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅವರ ದೇಹ ನೀರನ್ನೂ ಲವಣಗಳನ್ನೂ ಕಳೆದುಕೊಳ್ಳುತ್ತದೆ, ಆದ್ದರಿಂದ ಅವನ್ನೇ ರಕ್ತಕ್ಕೆ ಮರಳಿ ಕೊಡಬೇಕು ಎಂದು ತೋರಿಸಿದ್ದನು. ಇಂದು ಯಾವ ಆಸ್ಪತ್ರೆಗೆ ಹೋದರೂ ಕಾಣುವ ಸಲೈನ್ ಬಾಟಲಿಯ ವಂಶವೃಕ್ಷ ಹುಡುಕಿದರೆ ಬುಡದಲ್ಲಿ ಈತನಿದ್ದಾನೆ. 1833ರಲ್ಲಿ ಕಂಪನಿಯ ಸೇವೆಗೆ ಸೇರಿದವನು, 1835ರಲ್ಲಿ ಆರಂಭವಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಮುಂದೆ ಇದೇ ಮನುಷ್ಯ ವೈದ್ಯವೃತ್ತಿಯನ್ನು ಬದಿಗಿಟ್ಟು ಭಾರತದ ತಂತಿ ಇಲಾಖೆಯನ್ನು ಕಟ್ಟಿ, ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಮೊದಲ ತಂತಿ ಎಳೆಸಿ, 1856ರಲ್ಲಿ ‘ಸರ್’ ಪದವಿ ಪಡೆದನು. ಇತಿಹಾಸದ ಪುಸ್ತಕಗಳಲ್ಲಿ ಅವನು ಸಿಗುವುದು ತಂತಿಯವನಾಗಿಯೇ. ನಮಗೆ ಬೇಕಾದುದು ಅದಕ್ಕೂ ಮೊದಲಿನ ಓಶಾನೆಸಿ.

ಈ ದೇಶದ ಜನ ಗಾಂಜಾ ಸೇದುವುದನ್ನೂ ಭಂಗಿ ಅರೆದು ಕುಡಿಯುವುದನ್ನೂ ಅವನು ನೋಡಿದನು. ಬಂದ ಯುರೋಪಿನವರೆಲ್ಲರೂ ನೋಡಿದ್ದರು. ಆದರೆ ಹೆಚ್ಚಿನವರು ಮೂಗು ಮುರಿದು ಮುಂದೆ ಹೋದರೆ ಇವನು ಕುಳಿತು ವಿಚಾರಿಸಿದನು. ಸಂಸ್ಕೃತ ಗ್ರಂಥಗಳಲ್ಲಿ ಇದರ ಬಗ್ಗೆ ಏನಿದೆಯೆಂದು ಪಂಡಿತ ಮಧುಸೂದನ ಗುಪ್ತರನ್ನೂ ಕಮಲಾಕಾಂತ ವಿದ್ಯಾಲಂಕಾರರನ್ನೂ ಕೇಳಿದನು; ಅರಬ್ಬೀ-ಪಾರಸಿ ಗ್ರಂಥಗಳಿಗಾಗಿ ಹಕೀಮರ ಬಳಿಗೆ ಹೋದನು. (ಈ ಮಧುಸೂದನ ಗುಪ್ತರು 1836ರಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಕೈಹಚ್ಚಿದ ವೈದ್ಯರು, ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.) ಶಾಸ್ತ್ರದ ಮಾತನ್ನು ಕೇಳಿಕೊಂಡ ಮೇಲೆ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದನು. ನೇಪಾಳದ ಚರಸ್ಸನ್ನು ಮದ್ಯಸಾರದಲ್ಲಿ ಕರಗಿಸಿ ನಾಯಿಗೆ ಕುಡಿಸಿದನು. ಬೆಕ್ಕು, ಹಂದಿ, ಮೀನು, ಹದ್ದು, ಕಾಗೆ, ಅಷ್ಟೇಕೆ, ಆ ಕಾಲದ ಕಲ್ಕತ್ತೆಯ ಮಾಡುಗಳ ಮೇಲೆಲ್ಲ ನಿಂತಿರುತ್ತಿದ್ದ ಹರಗಿಲ ಎಂಬ ದೈತ್ಯ ಕೊಕ್ಕರೆಗೂ ಕೊಟ್ಟನು. ಮಾಂಸ ತಿನ್ನುವ ಪ್ರಾಣಿಗಳಿಗೆ ಅಮಲೇರಿತು. ಹಸು, ಕುರಿ, ಆಡು, ಕುದುರೆಗಳಿಗೆ ಹೆಚ್ಚೇನೂ ಆಗಲಿಲ್ಲ. ಯಾವುದೂ ಸಾಯಲಿಲ್ಲವೆಂಬುದು ಅವನಿಗೆ ಮುಖ್ಯವಾಗಿ ಕಂಡಿತು. ಅಲ್ಲಿಂದ ಮುಂದೆ ಮನುಷ್ಯರು.

1838ರ ನವೆಂಬರ್ 6ರ ಮಧ್ಯಾಹ್ನ ಎರಡು ಗಂಟೆಗೆ, ಆಸ್ಪತ್ರೆಯಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮೂವರಿಗೆ ತಲಾ ಒಂದು ಗ್ರೇನ್ ಗಾಂಜಾ ರಾಳವನ್ನು ಕರಗಿಸಿ ಕೊಡಲಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಅವರಲ್ಲೊಬ್ಬನು ಮಾತಿನಮಲ್ಲನಾದನು; ಹಾಡತೊಡಗಿದನು, ಇನ್ನಷ್ಟು ಊಟ ತನ್ನಿರೆಂದು ಕೂಗಿದನು, ತನಗೆ ಯಾವ ಕಾಯಿಲೆಯೂ ಇಲ್ಲವೆಂದು ಸಾರಿದನು. ಆರು ಗಂಟೆಗೆ ಅವನಿಗೆ ನಿದ್ದೆ ಹತ್ತಿತು. ಎಂಟು ಗಂಟೆಗೆ ಪಾಳಿಯಲ್ಲಿದ್ದ ವಿದ್ಯಾರ್ಥಿ ನವೀನಚಂದ್ರ ಮಿತ್ರನು ಗಾಬರಿಯಿಂದ ಚೀಟಿ ಕಳುಹಿಸಿ ಪ್ರಾಧ್ಯಾಪಕನನ್ನು ಕರೆಸಿಕೊಂಡನು. ಓಶಾನೆಸಿ ಬಂದು ನೋಡಿದರೆ ರೋಗಿಗೆ ಎಚ್ಚರವಿಲ್ಲ. ಆದರೆ ಉಸಿರು, ನಾಡಿ, ಕಣ್ಣಪಾಪೆ ಎಲ್ಲವೂ ಸರಿಯಾಗಿವೆ. ಅಕಸ್ಮಾತ್ತಾಗಿ ಅವನ ತೋಳನ್ನೆತ್ತಿ ಬಿಟ್ಟರೆ ಅದು ಎತ್ತಿದಲ್ಲಿಯೇ ನಿಂತುಬಿಟ್ಟಿತು. ಕೂರಿಸಿದರು, ಕೈಕಾಲುಗಳನ್ನು ಬೇಕಾದಂತೆ ತಿರುಗಿಸಿದರು. ಮೇಣದ ಗೊಂಬೆಯಂತೆ ಹೇಗಿಟ್ಟರೆ ಹಾಗಿದ್ದನು. ಸ್ವಲ್ಪ ಹೊತ್ತಿಗೆ ಎರಡನೆಯವನೂ ಅದೇ ಸ್ಥಿತಿಗೆ ಬಂದನು. ನಡುರಾತ್ರಿ ಕಳೆದ ಮೇಲೆ ಇಬ್ಬರಿಗೂ ಎಚ್ಚರವಾಯಿತು. ಮರುದಿನ ನೋಡಿದರೆ ಇಬ್ಬರ ನೋವೂ ಬಹಳ ಇಳಿದಿತ್ತು. ಮೂರು ದಿನಗಳ ಬಳಿಕ ಗುಣವಾಯಿತೆಂದು ಮನೆಗೆ ಕಳುಹಿಸಿದರು.

ಮೂರನೆಯವನ ಮೇಲೆ ಮದ್ದು ಏನೂ ಮಾಡಲಿಲ್ಲ. ವಿಚಾರಿಸಿದರೆ ಅವನು ದಿನವೂ ಚಿಲುಮೆಯಲ್ಲಿ ಗಾಂಜಾ ಸೇದುವವನು ಎಂದು ತಿಳಿಯಿತು. ಅಭ್ಯಾಸವಾದ ದೇಹಕ್ಕೆ ಅದೇ ಪ್ರಮಾಣ ಸಾಲದೆಂಬ, ಇಂದು ನೋವಿನ ಚಿಕಿತ್ಸೆಯ ಬಹುದೊಡ್ಡ ತಲೆನೋವಾಗಿರುವ ಸಂಗತಿ ಹೀಗೆ ಪ್ರಯೋಗದ ಮೊದಲ ದಿನವೇ ಟಿಪ್ಪಣಿಯಲ್ಲಿ ಸೇರಿಕೊಂಡಿತು. ವಿಫಲವಾದ ರೋಗಿಯನ್ನು ವರದಿಯಿಂದ ಕೈಬಿಡದೆ ಕಾರಣ ಸಹಿತ ಬರೆದಿಟ್ಟ ಓಶಾನೆಸಿಯ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಆದರೆ ನಾಲ್ಕನೆಯವನ ವಿಷಯಕ್ಕೆ ಬಂದಾಗ ಮೆಚ್ಚುಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಅವನು ವಯಸ್ಸಾದ, ಗಟ್ಟಿ ಮೈಕಟ್ಟಿನ ಕೂಲಿ. ಅವನಿಗೂ ಸಂಧಿವಾತ. ಓಶಾನೆಸಿ ಅವನ ಹೆಸರು ಬರೆಯುವುದಿಲ್ಲ. ಬರೆಯುವುದು, ಸಂಧಿವಾತದ ಸೋಗು ಹಾಕುವವನು ಎಂಬರ್ಥದ ಒಂದು ವಿಶೇಷಣವನ್ನು. ಅವನಿಗೆ ಅರ್ಧ ಗ್ರೇನ್ ಕೊಟ್ಟರು. ಎರಡು ಗಂಟೆಗಳಲ್ಲಿ ಮುದುಕ ಕಥೆ ಹೇಳತೊಡಗಿದನು, ಹಾಡಿದನು, ಸುತ್ತಲಿನ ರೋಗಿಗಳೆಲ್ಲ ನಕ್ಕು ನಲಿದರು. ಇಬ್ಬರ ಊಟ ಉಂಡು ಬೆಳಗಿನತನಕ ಗೊರಕೆ ಹೊಡೆದನು. ಮರುದಿನ, ತಲೆನೋವೇನೂ ಇಲ್ಲ, ದಯವಿಟ್ಟು ಇನ್ನೊಮ್ಮೆ ಕೊಡಿ ಎಂದು ಅಂಗಲಾಚಿದನು. ಕೆಲವು ದಿನ ಕೊಟ್ಟು ಕಳುಹಿಸಿಬಿಟ್ಟರು. ಇಡೀ ಪ್ರಸಂಗವನ್ನು ಓಶಾನೆಸಿ ತಮಾಷೆಯ ಧಾಟಿಯಲ್ಲಿ ಬರೆದಿದ್ದಾನೆ, ಓದಿದರೆ ನಗು ಬರುತ್ತದೆ. ನಕ್ಕ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಅವನದು ಸೋಗು ಎಂದು ಇವನಿಗೆ ಹೇಗೆ ಗೊತ್ತಾಯಿತು? ಮೈಕಟ್ಟು ಗಟ್ಟಿಯಾಗಿದೆ ಎಂದೇ? ಜೀವಮಾನವೆಲ್ಲ ಹೊರೆ ಹೊತ್ತವನ ಮೈಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಮಂಡಿ ಮತ್ತು ಸೊಂಟ ಸವೆಯುವುದೂ ಅದೇ ಕಾರಣಕ್ಕೆ. ಮದ್ದನ್ನು ಮತ್ತೆ ಬೇಡಿದ್ದು ಅಮಲಿನ ಆಸೆಯಿಂದಲೋ, ಬಹಳ ವರ್ಷಗಳ ಬಳಿಕ ನೋವಿಲ್ಲದ ಒಂದು ರಾತ್ರಿ ಸಿಕ್ಕಿದ್ದರಿಂದಲೋ? ವರದಿಯಲ್ಲಿ ಈ ಎರಡನೆಯ ಸಾಧ್ಯತೆಗೆ ಜಾಗವೇ ಇಲ್ಲ.

ಈ ವಿಶೇಷಣ ಹತ್ತೊಂಬತ್ತನೆಯ ಶತಮಾನದೊಂದಿಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಸರ್ಕಾರಿ ಕಚೇರಿಗಳಲ್ಲಿ ಕಳೆದ ಅನುಭವದಿಂದ ಹೇಳುತ್ತೇನೆ: ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವನ ರಜೆಯ ಅರ್ಜಿಗೆ ಸಹಿ ಬೀಳುವ ವೇಗವೇ ಬೇರೆ, ಬೆನ್ನುನೋವಿನ ಅರ್ಜಿಗೆ ಬೀಳುವ ವೇಗವೇ ಬೇರೆ. ಎರಡನೆಯದಕ್ಕೆ ಸಹಿಯ ಜೊತೆಗೆ ತುಟಿಯಂಚಿನ ಒಂದು ನಗೆಯೂ ಸಿಗುತ್ತದೆ. ಎಕ್ಸ್‌ರೇಯಲ್ಲಿ ಕಾಣದ ನೋವನ್ನು ನಂಬಿಸುವ ಹೊಣೆ ನೊಂದವರ ಮೇಲೆಯೇ ಬೀಳುತ್ತದೆ. ಕಚೇರಿಯಲ್ಲಷ್ಟೇ ಅಲ್ಲ, ಮನೆಯಲ್ಲಿಯೂ ಹಾಗೆಯೇ. ನಮ್ಮ ತಾಯಂದಿರ ಮಂಡಿನೋವಿನ ಮಾತು ಮನೆಯ ಹಿನ್ನೆಲೆಯ ಸದ್ದಾಗಿಹೋಗಿ ಎಷ್ಟು ಕಾಲವಾಯಿತು!

ಓಶಾನೆಸಿಯ ವರದಿಯಲ್ಲಿ ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಪ್ರಕರಣವಿದೆ. ಹಕೀಮ್ ಅಬ್ದುಲ್ಲಾ ಎಂಬಾತನನ್ನು ಮೂರು ವಾರಗಳ ಹಿಂದೆ ಹುಚ್ಚುನಾಯಿ ಕಚ್ಚಿತ್ತು. ನೀರು ಕಂಡರೆ ನಡುಗುವ ಸ್ಥಿತಿಯಲ್ಲಿ ಬಂದನು. ಸ್ವತಃ ವೈದ್ಯನಾದ್ದರಿಂದ ತನಗೇನು ಕಾದಿದೆಯೆಂದು ಅವನಿಗೆ ಗೊತ್ತಿದ್ದಿರಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಸುವ ದಾರಿ ಅಂದೂ ಇರಲಿಲ್ಲ, ಇಂದೂ ಇಲ್ಲವೆನ್ನಬಹುದು. ಗಂಟೆಗೊಮ್ಮೆ ಗಾಂಜಾ ರಾಳ ಕೊಡುತ್ತ ಹೋದರು. ಸೆಳೆತಗಳು ಇಳಿದವು, ಕಿತ್ತಳೆ ಹಣ್ಣಿನ ರಸ ಕುಡಿದನು, ಅನ್ನ ನುಂಗಿದನು, ಮಾತಾಡಿದನು. ನಾಲ್ಕು ದಿನ ಬದುಕಿ ತೀರಿಕೊಂಡನು. ರೋಗ ಗೆದ್ದಿತು, ನಿಜ. ಆದರೆ ಅದರ ಭೀಕರತೆಯನ್ನು ಮದ್ದು ಕಳಚಿಹಾಕಿತು ಎಂದು ಓಶಾನೆಸಿ ಬರೆಯುತ್ತಾನೆ. ಸಾಯುವವನನ್ನು ಉಳಿಸಲಾಗದಿದ್ದರೂ ನರಳದಂತೆ ನೋಡಿಕೊಳ್ಳುವುದು ವೈದ್ಯನ ಕೆಲಸವೇ ಎಂಬ ಅರಿವು ಈ ಪುಟಗಳಲ್ಲಿದೆ. ಇಂದು ಉಪಶಾಮಕ ಆರೈಕೆ ಎಂದು ನಾವು ಕರೆಯುವುದರ ತಿರುಳು ಇದೇ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳಿಗೆ ಮಾಡುತ್ತಿರುವುದೂ ಇದನ್ನೇ. ಅದೇ ವೈದ್ಯ, ಅದೇ ಮದ್ದು, ಒಂದೇ ಪ್ರಬಂಧ. ಆದರೆ ಹಕೀಮನ ನೋವಿಗೆ ಹೆಸರು ಸಿಕ್ಕಿತು, ಕೂಲಿಯ ನೋವಿಗೆ ಸಿಗಲಿಲ್ಲ.

1839ರಲ್ಲಿ ಬಂಗಾಳದ ವೈದ್ಯಕೀಯ ಸಂಘದ ಮುಂದೆ ಓದಿದ ಈ ಪ್ರಬಂಧ ಗಾಂಜಾವನ್ನು ಪಾಶ್ಚಾತ್ಯ ವೈದ್ಯದೊಳಕ್ಕೆ ಕರೆದೊಯ್ಯಿತು. ನಲವತ್ತರ ದಶಕದ ಆರಂಭದಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಓಶಾನೆಸಿ ಸರಕನ್ನೂ ಒಯ್ದನು. ಲಂಡನ್ನಿನ ಔಷಧ ವ್ಯಾಪಾರಿ ಪೀಟರ್ ಸ್ಕ್ವೈರ್ ಅದರಿಂದ ಸಾರ ತಯಾರಿಸಿದನು. ವಿಕ್ಟೋರಿಯಾ ರಾಣಿಯ ವೈದ್ಯರಲ್ಲೊಬ್ಬನಾದ ರಸೆಲ್ ರೆನಾಲ್ಡ್ಸ್ ನರಶೂಲೆಗೂ ಅರೆತಲೆನೋವಿಗೂ ಮೂವತ್ತು ವರ್ಷ ಅದನ್ನು ಬಳಸಿದ ಅನುಭವವನ್ನು 1890ರಲ್ಲಿ ಬರೆದನು. ಅರೆತಲೆನೋವಿಗೆ ಬಹುಶಃ ಇದಕ್ಕಿಂತ ತೃಪ್ತಿಕರ ಮದ್ದಿಲ್ಲವೆಂದು ವಿಲಿಯಂ ಆಸ್ಲರ್ ತನ್ನ ಪ್ರಸಿದ್ಧ ಪಠ್ಯದಲ್ಲಿ ಸೇರಿಸಿದನು. ಇಷ್ಟಾದರೂ ಗಾಂಜಾ ಸೋತಿತು. ಅಫೀಮಿನಿಂದ ಮಾರ್ಫಿನ್ ಎಂಬ ಶುದ್ಧ ಸತ್ತ್ವವನ್ನು ಬೇರ್ಪಡಿಸಲು ಶತಮಾನದ ಆರಂಭದಲ್ಲಿಯೇ ಸಾಧ್ಯವಾಗಿತ್ತು. ಅದು ತೂಗಿ ಕೊಡಬಹುದಾದದ್ದು, 1850ರ ದಶಕದಲ್ಲಿ ಬಂದ ಚುಚ್ಚುಮದ್ದಿನ ಸಿರಿಂಜಿಗೆ ಹೊಂದುವಂಥದ್ದು. ಗಾಂಜಾ ರಾಳ ನೀರಿನಲ್ಲಿ ಕರಗದು. ಒಂದು ಗಿಡದ ಕಸುವು ಇನ್ನೊಂದಕ್ಕಿಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಕೊಳೆತ ಸರಕಿಗಂತೂ ಏನೂ ಇಲ್ಲ. ಒಬ್ಬ ರೋಗಿಗೆ ಹತ್ತು ಹನಿ ಕೊಟ್ಟರೆ ಸುಮ್ಮನಿರುತ್ತಾನೆ, ಮತ್ತೊಬ್ಬ ಅಷ್ಟಕ್ಕೇ ಗೊಂಬೆಯಾಗುತ್ತಾನೆ. ವೈದ್ಯರಿಗೆ ಬೇಕಾದುದು ನಂಬಬಹುದಾದ ಮದ್ದು. 1899ರಲ್ಲಿ ಆಸ್ಪಿರಿನ್ ಬಂದ ಮೇಲೆ ಸಂಧಿವಾತಕ್ಕೂ ಸುಲಭದ ಗುಳಿಗೆ ಸಿಕ್ಕಂತಾಯಿತು.

ಎರಡನೆಯ ಪ್ರಯೋಗ ಇದಕ್ಕಿಂತಲೂ ವಿಚಿತ್ರ. ಜೇಮ್ಸ್ ಎಸ್‌ಡೈಲ್ ಎಂಬ ಸ್ಕಾಟಿಷ್ ವೈದ್ಯ ಕಲ್ಕತ್ತೆಗೆ ಸಮೀಪದ ಹೂಗ್ಲಿಯಲ್ಲಿ ಆಸ್ಪತ್ರೆಯನ್ನೂ ಜೈಲಿನ ರೋಗಿಗಳನ್ನೂ ನೋಡಿಕೊಳ್ಳುತ್ತಿದ್ದನು. 1845ರ ಏಪ್ರಿಲ್ 4ರಂದು ಮಾಧವ ಎಂಬ ಕೈದಿಗೆ ವೃಷಣದ ಬಾವಿನ ಶಸ್ತ್ರಚಿಕಿತ್ಸೆ ಮಾಡಿದನು. ನೋವು ಸಹಿಸಲಾರದೆ ಅವನು ಕೂಗಾಡುವುದನ್ನು ಕಂಡು, ಪುಸ್ತಕದಲ್ಲಿ ಓದಿದ್ದ ಮೆಸ್ಮರಿಸಂ ಎಂಬ ಮೋಡಿವಿದ್ಯೆಯನ್ನು ಪ್ರಯೋಗಿಸಿ ನೋಡೋಣವೆಂದು ಅವನ ಮುಖದ ಮುಂದೆ, ಎದೆಯ ಮೇಲೆ ಕೈ ಆಡಿಸತೊಡಗಿದನು. ಕೈದಿ ಗಾಢನಿದ್ರೆಗೆ ಜಾರಿದನು. ಸೂಜಿ ಚುಚ್ಚಿದರೂ ಅಲುಗಲಿಲ್ಲ. ಅಲ್ಲಿಂದ ಎಸ್‌ಡೈಲ್ ಹಿಂತಿರುಗಿ ನೋಡಲಿಲ್ಲ. ಗಂಟೆಗಟ್ಟಲೆ ಕೈ ಆಡಿಸುವ ಕೆಲಸಕ್ಕೆ ಆಸ್ಪತ್ರೆಯ ಹಿಂದೂ-ಮುಸಲ್ಮಾನ ತರುಣ ಸಹಾಯಕರನ್ನು ತರಬೇತುಗೊಳಿಸಿದನು. ಎಂಟು ತಿಂಗಳಲ್ಲಿ ನೋವಿಲ್ಲದ 73 ಶಸ್ತ್ರಚಿಕಿತ್ಸೆಗಳಾದುವೆಂದು 1846ರ ತನ್ನ ಪುಸ್ತಕದಲ್ಲಿ ಲೆಕ್ಕ ಕೊಡುತ್ತಾನೆ. ಆ ಪಟ್ಟಿಯ ಪಕ್ಕದಲ್ಲಿ ಚಿಕ್ಕದಾದ ಇನ್ನೊಂದು ಪಟ್ಟಿಯಿದೆ, ಯಾರೂ ಅಷ್ಟಾಗಿ ಗಮನಿಸದ್ದು: ಮೋಡಿಯಿಂದಲೇ ಗುಣವಾದ 18 ರೋಗಿಗಳು. ತಲೆನೋವು, ಮುಖದ ನರಶೂಲೆ, ತೊಡೆಯ ನರದ ಸೆಳೆತ, ಸಂಧಿವಾತದಿಂದ ಕುಂಟುವವರು. ಅಂದರೆ ಇಂದು ನೋವಿನ ಚಿಕಿತ್ಸಾಲಯದ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂರುವ ಜನರೇ.

ಸರ್ಕಾರ ಒಂದು ಸಮಿತಿ ನೇಮಿಸಿತು. ಆ ಸಮಿತಿಯಲ್ಲಿ ನಮ್ಮ ಓಶಾನೆಸಿಯೂ ಇದ್ದನು. ಎಸ್‌ಡೈಲ್ ಅವರ ಕಣ್ಣೆದುರೇ ಶಸ್ತ್ರಚಿಕಿತ್ಸೆ ಮಾಡಿ ತೋರಿಸಬೇಕಾಯಿತು. ಸಮಿತಿಯ ವರದಿಯನ್ನು ಓದುವಾಗ ಒಂದು ಕಡೆ ನಿಲ್ಲಲೇಬೇಕಾಗುತ್ತದೆ. ಕೆಲವು ರೋಗಿಗಳು ಕತ್ತರಿ ತಾಗಿದಾಗ ಕಲ್ಲಿನಂತೆ ಮಲಗಿದ್ದರು. ಆದರೆ ಇನ್ನು ಕೆಲವರ ಮೈ ಹೊರಳಿತು, ಮುಖ ಕಿವುಚಿತು, ನಿಟ್ಟುಸಿರುಗಳೆದ್ದವು. ಮೂಗನೊಬ್ಬ ಯಾತನೆಯಲ್ಲಿ ಹೇಗೆ ಕಾಣುವನೋ ಹಾಗೆ ಕಂಡರು. ಎಚ್ಚರವಾದ ಮೇಲೆ ಅವರನ್ನೂ ಕೇಳಿದರು. ನೋವೇ? ನೋವಾಗಲಿಲ್ಲ, ಏನು ನಡೆಯಿತೆಂಬುದೇ ಗೊತ್ತಿಲ್ಲ ಎಂದರು. ಸಮಿತಿ ಈ ಎರಡನ್ನೂ ದಾಖಲಿಸಿ, ಒಟ್ಟಿನಲ್ಲಿ ಎಸ್‌ಡೈಲನ ಪರವಾಗಿಯೇ ಎಚ್ಚರದ ಮಾತಾಡಿತು.

ಇದು ಸಣ್ಣ ಗೊಂದಲವಲ್ಲ. ನೆನಪಿನಲ್ಲಿ ಉಳಿಯದ ನೋವು ನೋವೇ? ಮುಖ ಕಿವುಚಿದ್ದನ್ನು ನಂಬಬೇಕೋ, ಬಾಯಿಂದ ಬಂದ ಮಾತನ್ನೋ? ಅರಿವಳಿಕೆ ತಜ್ಞರನ್ನು ಇಂದಿಗೂ ಕಾಡುವ ಪ್ರಶ್ನೆಯಿದು. ನನಗೆ ಮುಖ್ಯವೆನಿಸುವುದು ಬೇರೆ. ಎಂಟು ವರ್ಷಗಳ ಹಿಂದೆ ಮುದಿ ಕೂಲಿ ‘ನೋವಿದೆ’ ಎಂದನು. ಅವನ ಮೈಕಟ್ಟನ್ನು ನೋಡಿ ಮಾತನ್ನು ನಂಬಲಿಲ್ಲ. ಎಸ್‌ಡೈಲನ ರೋಗಿಗಳು ‘ನೋವಿಲ್ಲ’ ಎಂದರು. ಅವರ ಮೈ ಹೊರಳಾಡಿದ್ದನ್ನು ಕಂಡೂ ಮಾತನ್ನು ನಂಬಿದರು. ಎರಡು ಕಡೆಯೂ ಇದ್ದವನು ಒಬ್ಬನೇ ವೈದ್ಯ. ಬಡರೋಗಿಯ ಮಾತು ವೈದ್ಯನಿಗೆ ಅನುಕೂಲವಾದಾಗ ಸಾಕ್ಷ್ಯವಾಯಿತು, ಅನುಕೂಲವಾಗದಾಗ ಸೋಗಾಯಿತು. ಕೈದಿಗಳೂ ಕೂಲಿಗಳೂ ದೊರೆಯ ಮುಂದೆ ದೊರೆಗೆ ಹಿತವಾಗುವ ಉತ್ತರವನ್ನೇ ಹೇಳಬಹುದೆಂಬ ಸಂದೇಹ ಆಗಿನ ಕಲ್ಕತ್ತೆಯ ಪತ್ರಿಕೆಗಳಲ್ಲಿಯೂ ಇಲ್ಲದಿರಲಿಲ್ಲ. ಆದರೆ ಆ ಸಂದೇಹದಲ್ಲಿಯೂ ದೇಶೀಯರು ಸುಳ್ಳುಗಾರರೆಂಬ ತಿರಸ್ಕಾರವೇ ಹೆಚ್ಚು.

1846ರ ನವೆಂಬರಿನಲ್ಲಿ ಕಲ್ಕತ್ತೆಯ ಮಾಟ್ಸ್ ಲೇನಿನಲ್ಲಿ ಎಸ್‌ಡೈಲನಿಗಾಗಿ ಮೋಡಿ ಆಸ್ಪತ್ರೆಯೊಂದು ತೆರೆಯಿತು. ಕಾಲ ಅವನ ಜೊತೆ ಚೇಷ್ಟೆ ಮಾಡಿತ್ತು. ಅದಕ್ಕೂ ಒಂದು ತಿಂಗಳು ಮೊದಲು, ಅಕ್ಟೋಬರ್ 16ರಂದು, ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿಯಾಗಿತ್ತು. ಆ ಸುದ್ದಿ ಹಡಗೇರಿ ಬರುತ್ತಿತ್ತು. 1847ರಲ್ಲಿ ಈಥರ್ ಕಲ್ಕತ್ತೆಗೇ ಬಂದಿತು. ಗಂಟೆಗಟ್ಟಲೆ ಕೈಯಾಡಿಸುವ ಕಡೆ ಕೆಲವೇ ನಿಮಿಷಗಳ ಕೆಲಸ. ಸರ್ಕಾರ 1848ರಲ್ಲಿ ಆಸ್ಪತ್ರೆಗೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ನಗರದ ಜನ ಚಂದಾ ಎತ್ತಿ ಅದೇ ವರ್ಷ ಇನ್ನೊಂದನ್ನು ತೆರೆಸಿದರು, ಅದೂ ಬಹಳ ಕಾಲ ನಡೆಯಲಿಲ್ಲ. ಎಸ್‌ಡೈಲ್ 1851ರಲ್ಲಿ ಊರಿಗೆ ಮರಳಿದನು.

ಈಥರ್ ಗೆದ್ದದ್ದು ಶಸ್ತ್ರಚಿಕಿತ್ಸೆಯ ನೋವನ್ನು. ಅದು ಒಂದು ಗಂಟೆಯ ನೋವು. ಎಸ್‌ಡೈಲನ ಎರಡನೆಯ ಪಟ್ಟಿಯವರ ನೋವು, ಓಶಾನೆಸಿಯ ಕೂಲಿಯ ನೋವು, ವರ್ಷಗಳ ನೋವು. ಅದಕ್ಕೆ ಈಥರಿನಿಂದ ಏನೂ ಆಗಬೇಕಾದದ್ದಿಲ್ಲ. ಒಂದು ಗೆದ್ದ ಸಂಭ್ರಮದಲ್ಲಿ ಇನ್ನೊಂದು ಮರೆಯಾಯಿತು. ಅದು ಸ್ವತಂತ್ರ ಅಧ್ಯಯನದ ವಿಷಯವಾಗಲು ಇನ್ನೊಂದು ಶತಮಾನವೇ ಬೇಕಾಯಿತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್, ನೋವಿನ ಸಂಕೇತ ಮೆದುಳಿಗೆ ನೇರವಾಗಿ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಡೊಂದು ಅದನ್ನು ಬಿಡುತ್ತದೆ ಅಥವಾ ತಡೆಯುತ್ತದೆ ಎಂದರು. ಮನಸ್ಸಿನ ಸ್ಥಿತಿಯೂ ಆ ಬಾಗಿಲನ್ನು ತೆರೆಯಬಹುದು, ಮುಚ್ಚಬಹುದು. ಬಳಿಕ 1975ರಲ್ಲಿ, ಅಫೀಮಿಗೆ ಸಮಾನವಾದ ವಸ್ತುಗಳನ್ನು ನಮ್ಮ ಮೆದುಳೇ ತಯಾರಿಸುತ್ತದೆಂದು ತಿಳಿಯಿತು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಹುಸಿಮದ್ದಿನಿಂದ ಇಳಿದ ನೋವು ಅಫೀಮಿನ ಪ್ರತಿಮದ್ದು ಕೊಟ್ಟೊಡನೆ ಮರುಕಳಿಸಿತು. ಅಂದರೆ ನಂಬಿಕೆಯಿಂದ ಇಳಿದ ನೋವೂ ಸುಳ್ಳಲ್ಲ, ಅದರ ಹಿಂದೆ ರಸಾಯನವಿದೆ. ಎಸ್‌ಡೈಲನ ಸಹಾಯಕರು ಕೈಯಾಡಿಸಿ ತೆರೆಸುತ್ತಿದ್ದುದು, ಹೇಸ್ಟಿಂಗ್ಸ್ ಬೀಗ ಹಾಕಲಾಗದ ಒಂದು ಅಫೀಮಿನ ಉಗ್ರಾಣವನ್ನು ಎನ್ನಬಹುದೇನೋ. ಗಾಂಜಾದ ಗುಟ್ಟೂ ಹೀಗೆಯೇ ಬಿಡಿಸಿಕೊಂಡಿತು. 1964ರಲ್ಲಿ ಇಸ್ರೇಲಿನ ಮೆಚೌಲಮ್ ಮತ್ತು ಗಾವೋನಿ ಅದರ ಮುಖ್ಯ ಸತ್ತ್ವವನ್ನು ಬೇರ್ಪಡಿಸಿದರು. ಅದಕ್ಕೆ ಸಮಾನವಾಗಿ ದೇಹವೇ ತಯಾರಿಸುವ ವಸ್ತು 1992ರಲ್ಲಿ ಸಿಕ್ಕಿತು. ಜೆರುಸಲೇಮಿನ ಆ ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ‘ಆನಂದಮೈಡ್’; ಸಂಸ್ಕೃತದ ಆನಂದವೇ.

ಹಾಗಾದರೆ ಓಶಾನೆಸಿ ಹೇಳಿದ್ದು ಸರಿಯೇ? ಉತ್ತರ ಇನ್ನೂ ಇತ್ಯರ್ಥವಾಗಿಲ್ಲ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ, ವಯಸ್ಕರ ದೀರ್ಘಕಾಲಿಕ ನೋವಿಗೆ ಗಾಂಜಾ ಪರಿಣಾಮಕಾರಿಯೆನ್ನಲು ಗಣನೀಯ ಆಧಾರವಿದೆ ಎಂದಿತು. 2021ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಅದೇ ಆಧಾರಗಳನ್ನೆಲ್ಲ ಜಾಲಾಡಿ, ಗುಣಮಟ್ಟ ಸಾಲದು, ನೋವಿಗಾಗಿ ಇದರ ಸಾಮಾನ್ಯ ಬಳಕೆಯನ್ನು ನಾವು ಅನುಮೋದಿಸುವುದಿಲ್ಲ ಎಂದಿತು. ಈ ತಕರಾರಿನ ಬೇರು 1838ರಲ್ಲಿಯೇ ಇದೆ. ಗಾಂಜಾ ತೆಗೆದುಕೊಂಡವನಿಗೆ ತಾನು ತೆಗೆದುಕೊಂಡದ್ದು ಗಾಂಜಾ ಎಂದು ಗೊತ್ತಾಗಿಯೇ ಆಗುತ್ತದೆ. ಹಾಗಿರುವಾಗ ಹುಸಿಮದ್ದಿನೊಂದಿಗೆ ಹೋಲಿಸುವುದು ಹೇಗೆ? ಹಾಡಿದ್ದು ಅಮಲಿನಿಂದ, ಊಟ ಕೇಳಿದ್ದು ಅಮಲಿನಿಂದ. ‘ನನಗೆ ಗುಣವಾಯಿತು’ ಎಂದು ಕೂಗಿದ್ದು? ಸಂಧಿವಾತ ತಾನಾಗಿ ಏರುವ, ತಾನಾಗಿ ಇಳಿಯುವ ಕಾಯಿಲೆಯೂ ಹೌದು. ಮೂರು ದಿನಕ್ಕೆ ಮನೆಗೆ ಹೋದವರು ಮೂರು ತಿಂಗಳ ಮೇಲೆ ಹೇಗಿದ್ದರೆಂದು ಆಸ್ಪತ್ರೆಯ ಪುಸ್ತಕ ಹೇಳುವುದಿಲ್ಲ. ದೀರ್ಘಕಾಲಿಕವೆಂದು ಕರೆಯಲು ಇಂದು ಕೇಳುವ ಕನಿಷ್ಠ ಅವಧಿಯೇ ಮೂರು ತಿಂಗಳು.

ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1893-94ರ ಗಾಂಜಾ ಆಯೋಗ ಕಲ್ಕತ್ತೆಯಿಂದ ಹೊರಟು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಪೂರ್ತಿ ನಿಷೇಧ ಅನಗತ್ಯವೆಂದಿತು. 1985ರ ಮಾದಕವಸ್ತು ಕಾಯ್ದೆ ಗಾಂಜಾ-ಚರಸ್ಸುಗಳನ್ನು ಅಪರಾಧವಾಗಿಸಿ, ಬರಿಯ ಎಲೆಯನ್ನು, ಅಂದರೆ ಭಂಗಿಯನ್ನು, ವ್ಯಾಖ್ಯೆಯ ಹೊರಗಿಟ್ಟಿತು. ಆ ಕಾಯ್ದೆಯ ದೊಡ್ಡ ಪೆಟ್ಟು ಬಿದ್ದದ್ದು ಗಾಂಜಾಕ್ಕಲ್ಲ, ಮಾರ್ಫಿನ್ನಿಗೆ. ಪ್ರಪಂಚದ ಔಷಧ ಕಂಪನಿಗಳಿಗೆಂದು ಅಫೀಮು ಬೆಳೆಯುವ ದೇಶದಲ್ಲಿ, ಪರವಾನಗಿಗಳ ಸರಮಾಲೆಗೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕ್ಯಾನ್ಸರ್ ರೋಗಿಗಳು ಬರಿಗೈಯಲ್ಲಿ ನರಳಿದರು. 2014ರ ತಿದ್ದುಪಡಿ ಕಾಯ್ದೆ ಆ ಗಂಟನ್ನು ಸಡಿಲಿಸಿತು. ಕಡತಗಳ ನಡುವೆ ಬದುಕುವವರ ಅನುಭವದಿಂದ ಒಂದು ಮಾತು: ಕಾಯ್ದೆ ಒಂದು ದಿನದಲ್ಲಿ ಬದಲಾಗ���ತ್ತದೆ, ಕಾಯ್ದೆಯ ಹೆದರಿಕೆ ಬದಲಾಗಲು ಒಂದು ತಲೆಮಾರು ಬೇಕು.

ಕೊನೆಗೆ ಭಾಷೆಯ ವಿಷಯ, ಇಂಗ್ಲಿಷ್ ಎಂ.ಎ. ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಇಂಗ್ಲಿಷಿನಲ್ಲಿ ನೋವಿಗಿರುವ ‘ಪೇನ್’ ಎಂಬ ಮಾತು ಲ್ಯಾಟಿನ್ನಿನ ‘ಪೊಯೆನಾ’ದಿಂದ ಬಂದದ್ದು, ಅದರ ಅರ್ಥ ದಂಡ, ಶಿಕ್ಷೆ. ನಮ್ಮ ‘ಬೇನೆ’ ಸಂಸ್ಕೃತದ ವೇದನೆಯ ತದ್ಭವ, ವೇದನೆಯೆಂದರೆ ಅರಿವು. ‘ನೋವು’ ಅಚ್ಚಕನ್ನಡ. ಇವಲ್ಲದೆ ಶೂಲೆ, ಸೆಳೆತ, ಚಳುಕು, ಉಳುಕು, ಉರಿ, ಕಡಿತ, ಸಿಡಿತ, ಜೋಮು, ಹಿಡಿತ. 1975ರಲ್ಲಿ ಮೆಲ್ಜಾಕ್ ರೋಗಿಗಳ ಬಾಯಿಯ ಇಂಥ ಮಾತುಗಳನ್ನೇ ಆಯ್ದು, 78 ಪದಗಳನ್ನು 20 ಗುಂಪುಗಳಲ್ಲಿ ಹೊಂದಿಸಿ ಒಂದು ಪ್ರಶ್ನಾವಳಿ ಮಾಡಿದನು. ನೋವಿನ ಮಾತೇ ನೋವಿನ ಅಳತೆಗೋಲಾಯಿತು. ನರದ ನೋವು ಉರಿ-ಸಿಡಿತಗಳ ಮಾತಾಡುತ್ತದೆ, ಕೀಲಿನ ನೋವು ಹಿಡಿತ-ಸೆಳೆತಗಳ ಮಾತಾಡುತ್ತದೆ. ಮದ್ದು ಬೇರೆ ಬೇರೆ. ಕಲ್ಕತ್ತೆಯಲ್ಲಿರುವ ನಮ್ಮ ಹಿರಿಯರು ವೈದ್ಯರೆದುರು ಕುಳಿತು, ಇಷ್ಟೆಲ್ಲವನ್ನೂ ಹಿಂದಿಯ ‘ದರ್ದ್’ ಎಂಬ ಒಂದೇ ಮಾತಿನೊಳಕ್ಕೆ ತುರುಕಬೇಕಾದ ಕಷ್ಟವನ್ನು ಹೊರನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಚಳುಕಿಗೆ ಹಿಂದಿಯಲ್ಲಿ ಏನೆನ್ನಬೇಕೆಂದು ಮಗನನ್ನೋ ಸೊಸೆಯನ್ನೋ ಕೇಳುತ್ತಾರೆ, ಅವರಿಗೂ ಹೊಳೆಯುವುದಿಲ್ಲ.

ಆ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆದಾಗ ಅದಕ್ಕೆ ಕೆಲವು ಟಿಪ್ಪಣಿಗಳನ್ನು ಸೇರಿಸಿತು. ತನಗೆ ನೋವಿದೆಯೆಂದು ವ್ಯಕ್ತಿಯೊಬ್ಬರು ಹೇಳಿದರೆ ಆ ಹೇಳಿಕೆಯನ್ನು ಗೌರವಿಸಬೇಕು ಎಂಬುದು ಅವುಗಳಲ್ಲೊಂದು. ನೊಂದವರ ನೋವಿನ ಬಗ್ಗೆ ಅಕ್ಕಮಹಾದೇವಿಯ ವಚನವನ್ನು ಬಾಲ್ಯದಿಂದ ಕೇಳಿದವರಿಗೆ ಇದು ಹೊಸದಲ್ಲ; ವೈದ್ಯಶಾಸ್ತ್ರದ ನಿಯಮವಾಗಿ ಅಚ್ಚಾದದ್ದು ಹೊಸದು. ಇಂದು ಕಲ್ಕತ್ತೆಯ ಸಿಯಾಲ್ದಾದಲ್ಲಿ, ಕಾರ್ಮಿಕರ ರಾಜ್ಯವಿಮಾ ಯೋಜನೆಯ ಆಸ್ಪತ್ರೆಯಲ್ಲಿ, ನೋವಿನ ಚಿಕಿತ್ಸೆಗೆಂದೇ ಒಂದು ಸಂಸ್ಥೆಯಿದೆ. ವೈದ್ಯರಿಗೆ ಆ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಮೆಡಿಕಲ್ ಕಾಲೇಜಿನಿಂದ ಅದು ದೂರವೇನಲ್ಲ. ಬರುವವರು ವಿಮೆಯಿರುವ ಕಾರ್ಮಿಕರು ಮತ್ತು ಅವರ ಮನೆಯವರು: ಬೆನ್ನು, ಮಂಡಿ, ಭುಜ. ಒಳಗೆ ಹೋದವರಿಗೆ ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ನಿಮ್ಮ ನೋವು ಎಷ್ಟು ಎಂದು ಕೇಳುವುದು ಇಂಥ ಎಲ್ಲ ಚಿಕಿತ್ಸಾಲಯಗಳ ವಾಡಿಕೆ. ಅವರು ಏಳೆಂದರೆ ಕಾಗದದ ಮೇಲೆ ಏಳೆಂದೇ ಬರೆದುಕೊಳ್ಳುತ್ತಾರೆ.